ನೂರಹತ್ತು ವೋಲ್ಟಿನ ಪಾತ್ರೆ

ಬೆಳಕವಾಡಿ ದಾಟಿ ಶಿವನಸಮುದ್ರದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ, ಎಡಕ್ಕೆ ಕಬ್ಬಿನ ಗದ್ದೆಗಳ ನಡುವೆ ಇಳಿದರೆ ಸಿಗುವುದು ಶಿವುವಿನ ತೋಟದ ಮನೆ. ಚಿನ್ನದ ಗಣಿಗೆ ಕರೆಂಟು ಕಳಿಸಿದ ಶಿವನಸಮುದ್ರ ಅಲ್ಲಿಂದ ಜೋರಾಗಿ ಕೆಮ್ಮಿದರೆ ಕೇಳುವಷ್ಟು ಹತ್ತಿರ. ಆದರೇನು, ಕರೆಂಟು ತವರಿನ ಪಕ್ಕದವರನ್ನು ಮರೆತು ದೂರದೂರಿನವರ ಮನೆಗೆ ಓಡುವ ಜಾತಿಯದು. ಟ್ರಾನ್ಸ್‌ಫಾರ್ಮರಿನಿಂದ ಹೊರಟ ತಂತಿ ಸಣ್ಣಯ್ಯನ ಗದ್ದೆ, ಪುಟ್ಟಮಾದಮ್ಮನ ಬಾಳೆತೋಟ, ಪುನೀತನ ಹಿಪ್ಪುನೇರಳೆ, ಇನ್ನೂ ಯಾರ್ಯಾರದೋ ಪಂಪುಮನೆಗಳಿಗೆಲ್ಲ ಕೈಮುಗಿಯುತ್ತ ಕೈಮುಗಿಯುತ್ತ ಕಟ್ಟಕಡೆಯ ಕಂಬಕ್ಕೆ ಬರುವಷ್ಟರಲ್ಲಿ ಕರೆಂಟಿಗೇ ಉಬ್ಬಸ ಹತ್ತಿರುತ್ತಿತ್ತು. ಪಂಪಿಗೆಂದು ದಿನಕ್ಕಿಷ್ಟು ಹೊತ್ತು ಬಿಡುವ ತ್ರೀ ಫೇಸ್ ಬಂದು ಎಲ್ಲರ ಮೋಟಾರೂ ಶುರುವಾಯಿತೋ, ಶಿವುವಿನ ಮನೆಯಲ್ಲಿ ಬಲ್ಬು ಉರಿಯುತ್ತಿದೆಯೇ ಎಂದು ನೋಡಲು ಬೆಂಕಿಕಡ್ಡಿ ಗೀರಬೇಕಿತ್ತು. ಗುಬ್ಬಿಯೊಂದು ಫ್ಯಾನಿನ ರೆಕ್ಕೆ ಮೇಲೆ ಕೂತು ನಾಲ್ಕು ಪ್ರದಕ್ಷಿಣೆ ಹಾಕಿ, ತಲೆಸುತ್ತದೆ ಇಳಿದು ಹೋಗಿತ್ತು. ಇದು ಸುಳ್ಳೆಂದರೆ ಗುಬ್ಬಿಯನ್ನೇ ಕೇಳಬಹುದು.

ಆ ಮನೆಯಲ್ಲಿ ಶಿವು ಒಬ್ಬನೇ. ಮದ್ದೂರಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದವನು, ಪರಿಚಯದವರೊಬ್ಬರ ಬಾಲ ಹಿಡಿದು ತೈವಾನಿಗೆ ಹೋಗಿ, ಅಲ್ಲಿನ ಇಂಡಿಯನ್ ಹೋಟೆಲಿನಲ್ಲಿ ಎಂಟು ವರ್ಷ ದೋಸೆ ಹುಯ್ದು ವಾಪಸು ಬಂದಿದ್ದ. ಬಂದ ಹೊಸದರಲ್ಲಿ ಅವನ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತನ್ನ ಮಸಾಲೆ ದೋಸೆಗಾಗಿ ಅಲ್ಲಿನ ಮಂತ್ರಿಗಳು ಹಿಂದಿನ ರಾತ್ರಿಯೇ ಚಾಪೆ ಹಾಸಿಕೊಂಡು ಸಾಲಿನಲ್ಲಿ ಮಲಗುತ್ತಿದ್ದರೆಂದು ಅವನು ಹೇಳಿದ, ಜನ ನಕ್ಕರು. ಭೂಕಂಪ ಬಂದು ಊರಿಗೆ ಊರೇ ಅಲ್ಲಾಡಿದಾಗಲೂ ತನ್ನ ಕಾವಲಿಯ ಮೇಲಿನ ದೋಸೆ ಮಾತ್ರ ಅಲ್ಲಾಡಲಿಲ್ಲವೆಂದು ಹೇಳಿದ. ಜನ ಇನ್ನೂ ನಕ್ಕರು. ಅದೇ ದೋಸೆ, ಅದೇ ಭೂಕಂಪ ದಿನಾ ಬರತೊಡಗಿದ ಮೇಲೆ ಒಬ್ಬೊಬ್ಬರೇ ಕರಗಿದರು. ಕೊನೆಕೊನೆಗೆ ಸಣ್ಣಯ್ಯನ ಎಮ್ಮೆ ಕೂಡ ಆ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಿತ್ತು.

ಶಿವು ಹೇಳಿದ್ದೆಲ್ಲವನ್ನೂ ಜರಡಿ ಹಿಡಿದರೆ ಮೇಲುಳಿಯುವ ಸಾಮಾನು ಒಂದೇ, ಅವನ ಪಾತ್ರೆ. ಹಸಿರು ಬಣ್ಣದ, ಮುಚ್ಚಳವಿರುವ, ತೈವಾನಿನಲ್ಲಿ ಮನೆಮನೆಯಲ್ಲೂ ಇರುವ ಕರೆಂಟಿನ ಪಾತ್ರೆ ಅದು. ಹೊರಗಿನ ಪಾತ್ರೆಗೆ ಒಂದು ಲೋಟ ನೀರು ಹಾಕಿ, ಒಳಗಿನ ಪಾತ್ರೆಯಲ್ಲಿ ಅಕ್ಕಿಯೋ ಕೋಳಿಯೋ ಇಟ್ಟು, ಕೆಳಗಿರುವ ಹಿಡಿಯನ್ನು ಒತ್ತಿದರಾಯಿತು. ನೀರೆಲ್ಲ ಆವಿಯಾಗಿ ಮುಗಿದ ಕ್ಷಣ ಹಿಡಿ ತಾನಾಗೇ 'ಟಕ್' ಎಂದು ಮೇಲೇಳುತ್ತದೆ, ಅಡುಗೆ ಆಗಿರುತ್ತದೆ. ನೋಡಬೇಕಿಲ್ಲ, ಕಾಯಬೇಕಿಲ್ಲ, ಉರಿ ತಗ್ಗಿಸಬೇಕಿಲ್ಲ.

ತೊಂದರೆ ಒಂದೇ. ತೈವಾನಿನ ಕರೆಂಟು ನೂರಹತ್ತು ವೋಲ್ಟಿನದು, ನಮ್ಮದು ಇನ್ನೂರ ಮೂವತ್ತರದು. ಅಲ್ಲಿಯ ಪಾತ್ರೆಯನ್ನು ಇಲ್ಲಿಯ ಗೋಡೆಗೆ ಚುಚ್ಚಿದರೆ ಅನ್ನದ ಬದಲು ಹೊಗೆ ಉಣ್ಣಬೇಕು. ಇದು ಶಿವುವಿಗೆ ಗೊತ್ತಿತ್ತು. ಬರುವಾಗಲೇ ಬೆಂಗಳೂರಿನಲ್ಲಿ ವೋಲ್ಟೇಜು ಇಳಿಸುವ ಒಂದು ಪುಟ್ಟ ಡಬ್ಬಿ ಕೊಂಡಿದ್ದ. ಅದು ಗಡ್ಡ ಹೆರೆಯುವ ಮಿಷನ್ನಿಗೆ ಆಗುವಂಥದ್ದು. ಪಾತ್ರೆಯ ಭಾರ ಬಿದ್ದ ಕೂಡಲೇ ಡಬ್ಬಿ ಎಂಥ ಹೊಗೆ ಬಿಟ್ಟಿತೆಂದರೆ ಮಳವಳ್ಳಿಯಿಂದ ಫೈರ್ ಇಂಜಿನ್ ಹೊರಡುವುದೊಂದು ಬಾಕಿ. ಪುಣ್ಯಕ್ಕೆ ಪಾತ್ರೆ ಉಳಿಯಿತು. ಅದನ್ನು ಒರೆಸಿ ಅಟ್ಟದ ಮೇಲಿಟ್ಟ.

ಒಂದು ದಿನ ಹಾಳಾದ ಹಳೆಯ ಟಿವಿಯ ಸ್ಟೆಬಿಲೈಜರನ್ನು ನೋಡುತ್ತ ಕೂತಿದ್ದ. ಟಿವಿ ಸತ್ತಿತ್ತು, ಸ್ಟೆಬಿಲೈಜರೂ ಸತ್ತಿತ್ತು, ಅದರ ಮುಖದ ಮೇಲೆ ವೋಲ್ಟೇಜು ತೋರಿಸುವ ಮುಳ್ಳು ಮಾತ್ರ ಬದುಕಿತ್ತು. ತ್ರೀ ಫೇಸ್ ಬಂತು, ಅಕ್ಕಪಕ್ಕದ ಮೋಟಾರುಗಳು ಒಂದೊಂದಾಗಿ ಗುಂಯ್‌ಗುಟ್ಟಿದವು. ಮುಳ್ಳು ಮೆಟ್ಟಿಲು ಇಳಿಯುವ ಮುದುಕಿಯ ಹಾಗೆ ತಡೆತಡೆದು ಇಳಿದು ನೂರ ಹದಿನೈದಕ್ಕೆ ಬಂದು ನಿಂತಿತು. ಶಿವು ಅಟ್ಟ ಹತ್ತಿದ. ಪಾತ್ರೆ ಇಳಿಸಿ, ಅಕ್ಕಿ ಹಾಕಿ, ಚುಚ್ಚಿ, ದೇವರನ್ನು ನೆನೆದು ಹಿಡಿ ಒತ್ತಿದ. ಅಂದು ಅವನು ತೈವಾನಿನಲ್ಲಿ ಉಂಡಂಥ ಅನ್ನ ಉಂಡ.

ಆಮೇಲೆ ಅವನ ಹೊಟ್ಟೆಯ ಲೆಕ್ಕವೆಲ್ಲ ಊರವರ ಮೋಟಾರಿನ ಮೇಲೆ. ಅವರ ಗದ್ದೆಗೆ ನೀರು ಹರಿದರೆ ಇವನಿಗೆ ಊಟ. ಎಲ್ಲರೂ ಹೊಲದಲ್ಲಿ ಇರುವ ಹೊತ್ತಿಗೆ ಇವನು ಉಣ್ಣುತ್ತಿದ್ದ, ಎಲ್ಲರೂ ಮನೆಯಲ್ಲಿ ಕೂತು ಉಣ್ಣುವ ಹೊತ್ತಿಗೆ ಇವನು ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದ. ಗ್ಯಾಸಿನ ಒಲೆಯೂ ಇತ್ತು, ಆದರೆ ಅದರಲ್ಲಿ ಟೀ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಪಾತ್ರೆಯಾದರೆ ಬೆಂದ ಮೇಲೆ 'ಟಕ್' ಎನ್ನುತ್ತಿತ್ತು. ಆ ಮನೆಯಲ್ಲಿ ಅವನನ್ನು ಊಟಕ್ಕೆ ಕರೆಯುವ ಸದ್ದು ಅದೊಂದೇ.

ಊರಿನವರಿಗೆ ಮಾತ್ರ ಬೇರೆ ಕತೆ. ಸರ್ಕಾರದವರು ತನಗಾಗಿ ದಿನಕ್ಕಿಷ್ಟು ಹೊತ್ತು ತೈವಾನ್ ಕರೆಂಟು ಬಿಡುತ್ತಾರೆಂದೂ, ಪಾತ್ರೆಗೆ ಮೂಡು ಬರದಿದ್ದರೆ ಅದು ಕೆಲಸ ಮಾಡುವುದಿಲ್ಲವೆಂದೂ ಹೇಳಿದ್ದ. ಯಾರೂ ಕೇಳಿರಲಿಲ್ಲ, ಆದರೂ ಹೇಳಿದ್ದ.

ಇನ್ನು ನಯನಳ ವಿಷಯ. ಶಿವುವಿನ ಹೆಂಡತಿ ಮದ್ದೂರಿನ ತವರಿನಲ್ಲಿದ್ದಳು, ಅಲ್ಲೇ ಪುಟ್ಟ ಅಂಗಡಿಯಿಟ್ಟು ಬ್ಲೌಸ್ ಹೊಲಿಯುತ್ತಿದ್ದಳು. ಶಿವು ವಿಮಾನ ಹತ್ತಿದಾಗ ಅವಳು ಮೂರು ತಿಂಗಳ ಬಸುರಿ. ಬಾಣಂತನಕ್ಕೆಂದು ತವರಿಗೆ ಹೋದಳು. ಮಗು ಮಂಡ್ಯದ ಆಸ್ಪತ್ರೆಯಲ್ಲಿ ಹುಟ್ಟಿ, ಹೆಸರಿಡುವ ಮುಂಚೆಯೇ ಹೋಯಿತು. ಅತ್ತ ತೈವಾನಿನಲ್ಲಿ ಮಾಲೀಕ ರಜೆ ಕೊಡಲಿಲ್ಲ. ಅರ್ಧಕ್ಕೆ ಬಿಟ್ಟು ಬರುವ ಧೈರ್ಯ ಶಿವುವಿಗೂ ಬರಲಿಲ್ಲ. ಅವನು ಫೋನು ಮಾಡಿದ. ಏನು ಹೇಳಬೇಕೋ ತಿಳಿಯಲಿಲ್ಲ. ಮಾತು ನಿಂತರೆ ಸತ್ತೇ ಹೋಗುವ ಮನುಷ್ಯ ಅವನು. ಬಾಯಿಗೆ ಬಂದದ್ದು ಸಾರಿನ ವಿಷಯ: ಇಲ್ಲಿ ಬಾಣಂತಿಗೆ ಎಳ್ಳೆಣ್ಣೆ, ಶುಂಠಿ ಹಾಕಿ ಕೋಳಿಸಾರು ಕೊಡುತ್ತಾರೆ, ಅದಕ್ಕೊಂದು ಪಾತ್ರೆ ಇದೆ, ಹಿಡಿ ಒತ್ತಿದರೆ ಸಾಕು, ಹೊಗೆಯಿಲ್ಲ, ಬಾಣಂತಿ ಎದ್ದು ಒಲೆ ಹತ್ತಿರ ಬರಬೇಕಿಲ್ಲ, ಆದ ಮೇಲೆ ತಾನೇ ನಿಲ್ಲುತ್ತದೆ. ನಯನ ಎಲ್ಲ ಕೇಳಿಸಿಕೊಂಡು, "ಬಂದು ಮಾಡ್ಕೊಡಿ," ಅಂದಳು.

"ಮುಂದಿನ್ ತಿಂಗ್ಳೇ ಬತ್ತೀನಿ," ಅಂದ ಶಿವು.

ಆ ತಿಂಗಳು ಬರಲು ಏಳು ವರ್ಷ ಹಿಡಿಯಿತು. ಅಷ್ಟರಲ್ಲಿ ನಯನ 'ನೀವು' ಬಿಟ್ಟು 'ನೀನು'ಗೆ ಇಳಿದಿದ್ದಳು, ಆಮೇಲೆ ಅದನ್ನೂ ಬಿಟ್ಟು ಫೋನು ಎತ್ತುವುದನ್ನೇ ಕಡಿಮೆ ಮಾಡಿದ್ದಳು. ಅವನು ವಾಪಸು ಬಂದಾಗ ಮದ್ದೂರಿಗೆ ಹೋಗಿ ಕರೆದರೆ, ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ ಹೇಳಿದ್ದಳು: "ನೀನು ಹೇಳಿದ್ರಲ್ಲಿ ಒಂದಾದ್ರೂ ನಿಜ ಅನ್ನೋದನ್ನ ನಾನು ಕಣ್ಣಲ್ಲಿ ನೋಡ್ಬೇಕು. ಆಮೇಲೆ ಮಾತಾಡುವ."

ಈಗ, ಜೂನ್ ತಿಂಗಳ ಒಂದು ಬುಧವಾರ, ಅವಳ ಫೋನು ಬಂತು.

"ಭಾನುವಾರ ಮಳವಳ್ಳೀಲಿ ನಮ್ ಚಿಕ್ಕಮ್ಮನ ಮನೆ ಗೃಹಪ್ರವೇಶ. ಮುಗಿಸ್ಕಂಡು ಅಲ್ಲಿಗೆ ಬತ್ತೀನಿ. ನಾಕು ಗಂಟೆ ಬಸ್ಸಿಗೆ ವಾಪಸ್."

ಶಿವು ಕೂತಲ್ಲಿಂದ ಎದ್ದು ನಿಂತ. "ಕೋಳಿ ಕುಯ್ತೀನಿ. ಊರಿಗೆಲ್ಲ ಗೊತ್ತಾಗೋ ಅಂಗೆ..."

"ಊರಿಗೆ ಬೇಡ. ಆ ಪಾತ್ರೇಲಿ ಆ ಸಾರು ಮಾಡಿದ್ರೆ ಉಣ್ತೀನಿ. ಗ್ಯಾಸ್ ಮ್ಯಾಲಾದ್ರೆ ನನ್ ತಮ್ಮನೂ ಮಾಡಿಕ್ತಾನೆ, ಅದುಕ್ಕೆ ಇಲ್ಲಿಗಂಟ ಬರ್ಬೇಕಾ?"

"ಆ ಪಾತ್ರೇಲೇ ಕಣೇ!" ಅಂದ ಶಿವು. ತ್ರೀ ಫೇಸ್ ಈಗ ಹತ್ತರ ಮೇಲೆ ಬಂದು ಎರಡೂವರೆವರೆಗೂ ಇರುತ್ತಿತ್ತು. ಎಲ್ಲ ದೇವರೇ ಕೂತು ಹೊಂದಿಸಿದ ಹಾಗಿತ್ತು.

ಶುಕ್ರವಾರ ಮಳೆ ಹಿಡಿಯಿತು.

ಅದು ಎಂಥ ಮಳೆ ಅಂದರೆ, ಮೋಡಗಳು ಮೇಲಿನಿಂದ ಸುರಿಸುವ ತಾಪತ್ರಯ ಬಿಟ್ಟು ಕೆಳಗಿಳಿದು ಬಂದು ಗದ್ದೆಯಲ್ಲೇ ಕೂತುಬಿಟ್ಟವು. ಕಾಲುವೆಯ ಮೀನು ರಸ್ತೆಗೆ ಬಂದು ಬಸ್ಸಿಗೆ ಕೈ ತೋರಿಸುತ್ತಿದ್ದವು. ಇಂಥದ್ದರಲ್ಲಿ ಮೋಟಾರು ಹಾಕುವ ಹುಚ್ಚ ಯಾರು? ತ್ರೀ ಫೇಸ್ ಬಂತು, ಹೋಯಿತು; ಒಂದು ಮೋಟಾರೂ ಸದ್ದು ಮಾಡಲಿಲ್ಲ. ಶಿವುವಿನ ಮನೆಯ ಬಲ್ಬು ಹುಟ್ಟಿದಾಗಿನಿಂದ ಇಷ್ಟು ಬೆಳಗಿರಲಿಲ್ಲ. ಫ್ಯಾನು ಹೆಲಿಕಾಪ್ಟರಿನ ಹಾಗೆ ತಿರುಗಿತು. ಸ್ಟೆಬಿಲೈಜರಿನ ಮುಳ್ಳು ಇನ್ನೂರ ಮೂವತ್ತೈದರಲ್ಲಿ ಎದೆ ಸೆಟೆಸಿ ನಿಂತಿತು.

ಮುಳ್ಳನ್ನು ಕೆಳಗಿಳಿಸಲು ಶಿವು ಇಸ್ತ್ರಿಪೆಟ್ಟಿಗೆ ಹಾಕಿದ, ನೀರು ಕಾಯಿಸುವ ಕಾಯಿಲು ಹಾಕಿದ, ಇದ್ದಬದ್ದ ಬಲ್ಬನ್ನೆಲ್ಲ ಹಚ್ಚಿದ. ಮುಳ್ಳು ಸೊಳ್ಳೆ ಕಚ್ಚಿದವರ ಹಾಗೆ ಒಂಚೂರು ಕದಲಿತು, ಫ್ಯೂಸು ಹೋಯಿತು. ಶನಿವಾರ ಬೆಳಿಗ್ಗೆ ನೆನೆಯುತ್ತಲೇ ಮಳವಳ್ಳಿಯ ಎಲೆಕ್ಟ್ರಿಕಲ್ ಅಂಗಡಿಗೆ ಹೋದ. ಅಂಗಡಿಯವನು ಪಾತ್ರೆಯ ಬುಡದ ಬರಹ ನೋಡಿ, "ಇದುಕ್ಕೆ ಸಾವ್ರ ವ್ಯಾಟ್ ತಡೆಯೋ, ವೋಲ್ಟೇಜು ಇಳಿಸೋ ಸ್ಟೆಪ್‌ಡೌನ್ ಬೇಕು ಸಾರ್. ತರಿಸ್ಬೇಕು. ಮುಂದಿನ ವಾರ ಬನ್ನಿ," ಅಂದ.

"ನಾಳೆ ಬೇಕು ಕಣಪ್ಪ."

"ನಾಳೆ ಭಾನುವಾರ. ಅಂಗ್ಡೀನೇ ಇರಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಪಾತ್ರೆಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ದಾರಿಯೊಂದೇ ಇತ್ತು. ಆ ದಾರಿ ಸಣ್ಣಯ್ಯನ ಜಗಲಿಗೆ ಹೋಗುತ್ತಿತ್ತು. ಅಲ್ಲಿಗೆ ಹೋಗಿ ಬಾಯಿ ಬಿಡುವುದಕ್ಕಿಂತ ಕಾವೇರಿಗೆ ಹಾರುವುದು ಸುಲಭ ಅನ್ನಿಸಿತು ಶಿವುವಿಗೆ. ಆದರೆ ಈಜು ಬರುತ್ತಿತ್ತು, ಅದೂ ಉಪಯೋಗವಿಲ್ಲ.

ಮಳೆಗೆ ಕೆಲಸವಿಲ್ಲದೆ ಸಣ್ಣಯ್ಯನ ಜಗಲಿಯಲ್ಲಿ ಮೂವರು ಕೂತು ಹುರಿದ ಕಡ್ಲೆಕಾಯಿ ಬಿಡಿಸುತ್ತಿದ್ದರು: ಎಪ್ಪತ್ತು ದಾಟಿದ ಸಣ್ಣಯ್ಯ, ಬಾಳೆತೋಟದ ಪುಟ್ಟಮಾದಮ್ಮ, ಹಿಪ್ಪುನೇರಳೆಯ ಪುನೀತ.

"ಬಾರಪ್ಪ ತೈವಾನು," ಅಂದ ಸಣ್ಣಯ್ಯ. "ಏನ್ಲಾ ಇಂಗೆ ನೆಂದಿದ್ದೀಯ? ಅಲ್ಲಿ ಮಳೆ ಬಂದ್ರೆ ಜನುಕ್ಕೆ ತಾಕ್ದಂಗೆ ಪಕ್ಕುಕ್ಕೆ ಉಯ್ತದೆ ಅಂತಿದ್ಯಲ್ಲ?"

"ಕೂತ್ಕಳಿ ಶಿವಣ್ಣ," ಪುನೀತ ಸರಿದು ಜಾಗ ಮಾಡಿದ. "ಇವತ್ತು ಭೂಕಂಪನೋ, ಮಂತ್ರಿಗಳೋ?"

ಶಿವು ಕೂರಲಿಲ್ಲ. "ಒಂದು ಸಹಾಯ ಆಗ್ಬೇಕಿತ್ತು."

ಮೊರದಲ್ಲಿದ್ದ ಮೂರು ಕೈಗಳೂ ನಿಂತವು. ಶಿವುವಿನ ಬಾಯಲ್ಲಿ ಆ ಮಾತು ಬಂದದ್ದು ಆ ಸೀಮೆಯಲ್ಲಿ ಅದೇ ಮೊದಲು.

"ನಾಳೆ ತ್ರೀ ಫೇಸ್ ಬಂದಾಗ ನೀವೆಲ್ಲ ಮೋಟ್ರು ಹಾಕ್ಬೇಕು."

ಸಣ್ಣಯ್ಯನೇ ಸುಧಾರಿಸಿಕೊಂಡು ಅಂದ: "ತಲೆಗಿಲೆ ಕೆಟ್ಟಯ್ತಾ ನಿಂಗೆ? ಗದ್ದೇಲಿ ಕಪ್ಪೆಗಳೇ ನೀರು ಸಾಕು ಅಂತ ಬದಿನ್ ಮ್ಯಾಲೆ ಬಂದು ಕೂತವೆ. ಮೊನ್ನೆ ತಾನೇ ನಾಟಿ ಪೈರಿಗೆ ಅಂತ ಬತ್ತ ಚೆಲ್ಲಿ ಒಟ್ಲು ಬುಟ್ಟಿವ್ನಿ. ಮೋಟ್ರು ಹಾಕುದ್ರೆ ಪೈರಷ್ಟೇ ಅಲ್ಲ, ನಾನೂ ಕೊಚ್ಕಂಡು ಓಯ್ತೀನಿ."

"ಮಾವ, ನನ್ ಪಾತ್ರೆ..." ಶಿವು ಮುಖದ ಮೇಲಿನ ನೀರು ಒರೆಸಿಕೊಂಡ. "ನನ್ ಪಾತ್ರೆ ನೂರಹತ್ತು ವೋಲ್ಟಿಂದು. ಪೂರ್ತಿ ಕರೆಂಟು ಇದ್ರೆ ಸುಟ್ಟೋಯ್ತದೆ. ನಿಮ್ ಮೋಟ್ರೆಲ್ಲ ಓಡಿ ವೋಲ್ಟೇಜು ಬಿದ್ರೆ ಮಾತ್ರ ಅದು ಬೇಯ್ಸೋದು. ಇಷ್ಟ್ ದಿನ ಅಂಗೇ ಉಂಡಿವ್ನಿ."

ಪುನೀತ ಕಡ್ಲೆಕಾಯಿ ಬಾಯಿಗೆ ಹಾಕುವುದನ್ನು ಮರೆತ. "ಅಂಗಾದ್ರೆ ಸರ್ಕಾರ ನಿಮ್ಗೇ ಅಂತ ತೈವಾನ್ ಕರೆಂಟು ಬುಡ್ತಿದ್ದದ್ದು?"

"ಸುಳ್ಳು."

"ಪಾತ್ರೆಗೆ ಮೂಡು ಬರ್ಬೇಕು ಅಂದಿದ್ದು?"

"ಅದೂ ಸುಳ್ಳು."

"ಭೂಕಂಪದಾಗೆ ದೋಸೆ ಅಲ್ಲಾಡ್ಲಿಲ್ಲ ಅಂದಿದ್ದು?"

"ಅದು..." ಶಿವು ಮಳೆಯ ಕಡೆ ನೋಡಿದ. "ದೋಸೆ ಕೆಳಕ್ಕೆ ಬಿತ್ತು. ನಾನು ಮೇಜಿನ್ ಕೆಳಗಿದ್ದೆ."

"ಯಾರ್ ಜೊತೆ?"

"ಒಬ್ನೇ."

ಪುನೀತ ನಗಲು ಬಾಯಿ ತೆರೆದಿದ್ದವನು ಹಾಗೇ ಮುಚ್ಚಿಕೊಂಡ. ಪುಟ್ಟಮಾದಮ್ಮ ಸೆರಗಿನಿಂದ ಸಿಪ್ಪೆ ಕೊಡವಿದಳು. "ನಾಳೀಕೇ ಯಾಕ್ಲಾ ಬೇಕು ನಿಂಗೆ ಆ ಪಾತ್ರೆ? ಒಂದಿನ ಗ್ಯಾಸ್ ಮ್ಯಾಲೆ ಬೇಯ್ಸ್ಕಂಡು ತಿಂದ್ರೆ ಏನು ರೋಗ?"

"ನಯನ ಬತ್ತವ್ಳೆ ಅಕ್ಕ. ಆ ಪಾತ್ರೇಲಿ ಆ ಕೋಳಿಸಾರು ಮಾಡಿದ್ರೆ ಉಣ್ತೀನಿ ಅಂದವ್ಳೆ. ಇಲ್ದಿದ್ರೆ ನಾನು ಹೇಳಿದ್ದೆಲ್ಲಾನೂ ಸುಳ್ಳು ಅಂತ ಆಯ್ತದೆ."

"ಆಯ್ತದೆ ಅಂತ ಬ್ಯಾರೆ. ಆಗೇ ಐತೆ," ಅಂದಳು ಪುಟ್ಟಮಾದಮ್ಮ. ಆಮೇಲೆ ದನಿ ತಗ್ಗಿಸಿ, "ಆ ಕೂಸು ಓದಾಗ ಮಂಡ್ಯದ ಆಸ್ಪತ್ರೇಲಿ ಅವಳ ಪಕ್ಕ ಕೂತಿದ್ದೋಳು ನಾನು. ನೀನು ಪೋನ್ ಮಾಡ್ದೆ. ಅವಳು ಕಿವೀಗೆ ಇಟ್ಕಂಡಿದ್ದ ಪೋನಿಂದ ನಿನ್ ದನಿ ನಂಗೂ ಕೇಳ್ತಿತ್ತು. ಸಾರು, ಸಾರು, ಸಾರು. ಅಯ್ಯೋ ನಿನ್ ಬಾಯಿಗಿಷ್ಟು ಮಣ್ಣಾಕ ಅಂತ ಬೈಕಂಡಿದ್ದೆ," ಅಂದಳು.

"ನಂದಂತೂ ಆಗಾಕಿಲ್ಲ ಕಣಪ್ಪ," ಸಣ್ಣಯ್ಯ ಎದ್ದು ಪಂಚೆ ಕೊಡವಿದ. "ಒಟ್ಲು ಓದ್ರೆ ಈ ವರ್ಸ ನಾಟಿ ಎಲ್ಲಿಂದ ಮಾಡ್ಲಿ? ಬೇಜಾರ್ ಮಾಡ್ಕಬ್ಯಾಡ."

ಪುನೀತ ನೋಡುವ ಅಂದ. ಪುಟ್ಟಮಾದಮ್ಮ ಅದನ್ನೂ ಅನ್ನಲಿಲ್ಲ. ಶಿವು ಉಳಿದ ಪಂಪಿನವರ ಮನೆಗಳಿಗೂ ಹೋದ; ಎಲ್ಲರಿಗೂ ಅಷ್ಟನ್ನೇ, ಒಂದು ಕಾಳು ಸೇರಿಸದೆ ಹೇಳಿದ. ಕೆಲವರು ನಕ್ಕರು. ಒಬ್ಬರು ಕಾಫಿ ಕೊಟ್ಟರು. ಹಾಕುತ್ತೇನೆಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಭಾನುವಾರ ಮಳೆ ಜಿನುಗಿಗೆ ಇಳಿದಿತ್ತು. ಶಿವು ನಾಟಿಕೋಳಿ ಶುಚಿ ಮಾಡಿ, ಶುಂಠಿಯನ್ನು ತೆಳ್ಳಗೆ ಹೆಚ್ಚಿ, ಎಳ್ಳೆ‌ಣ್ಣೆ ಸವರಿ ಎಲ್ಲವನ್ನೂ ಒಳಪಾತ್ರೆಯಲ್ಲಿ ಜೋಡಿಸಿ, ನೀರು ಹಾಕಿ ಮುಚ್ಚಿಟ್ಟ. ಹೊರಗಿನ ಪಾತ್ರೆಗೂ ನೀರು ಹಾಕಿದ. ಅನ್ನವನ್ನು ಮಾತ್ರ ಗ್ಯಾಸಿನ ಮೇಲೆ ಮಾಡಿಟ್ಟ. ಹನ್ನೆರಡರ ಸುಮಾರಿಗೆ ನಯನ ಬಂದಳು. ಕೈಯಲ್ಲಿ ಕೊಡೆ, ಚೀಲ, ಕಾಲಿನಲ್ಲಿ ಮೊಣಕಾಲವರೆಗೂ ಕೆಸರು. ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ಶಿವು ನೀರು ಕೊಟ್ಟ. ಕಾಲು ತೊಳೆದು ಒಳಗೆ ಬಂದು, ನೆಂಟರ ಹಾಗೆ ಗೋಡೆ ಪಕ್ಕದ ಕುರ್ಚಿಯ ಅಂಚಿನಲ್ಲಿ ಕೂತಳು. ಪಾತ್ರೆಯನ್ನು ನೋಡಿದಳು.

"ಇದೇನಾ?"

"ಇದೇ."

"ಫೋನಲ್ಲಿ ಹೇಳ್ದಾಗ ಇನ್ನೂ ದೊಡ್ಡದು ಅನ್ಕಂಡಿದ್ದೆ."

ಮುಳ್ಳು ಇನ್ನೂರ ಮೂವತ್ತೆರಡರಲ್ಲಿತ್ತು. ತ್ರೀ ಫೇಸ್ ಬಂದು ಎಷ್ಟೋ ಹೊತ್ತಾಗಿತ್ತು. ಹೊರಗೆ ಕಪ್ಪೆ ವಟಗುಟ್ಟುತ್ತಿದ್ದವೇ ಹೊರತು ಒಂದು ಮೋಟಾರಿನ ಸುಳಿವಿಲ್ಲ. ಶಿವು ಗೃಹಪ್ರವೇಶ ಹೇಗಾಯಿತೆಂದು ಕೇಳಿದ, ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು ಕೇಳಿದ, ಅವಳ ಅಮ್ಮನ ಮಂಡಿನೋವು ಕೇಳಿದ. ಕೇಳುವುದು ಮುಗಿಯಿತು. ತೈವಾನಿನಲ್ಲಿ ಒಂದು ಸಲ ಏನಾಯಿತೆಂದರೆ ಎಂದು ಹೇಳಲು ಬಾಯಿ ತೆರೆದ.

"ಉಸಿರು ಎಳ್ಕಂಡೆ," ಅಂದಳು ನಯನ. "ಸುಳ್ಳು ಹೇಳೋಕೆ ಮುಂಚೆ ಅಂಗೇ ಎಳ್ಕತೀಯ. ಫೋನಲ್ಲೂ ಗೊತ್ತಾಗ್ತಿತ್ತು. ಯಾಕೆ ಇನ್ನೂ ಒತ್ತಿಲ್ಲ ಅದನ್ನ?"

ಶಿವು ಆ ಉಸಿರನ್ನು ಹಾಗೇ ಬಿಟ್ಟ. ಪಾತ್ರೆಯ ವೋಲ್ಟು, ಸುಟ್ಟ ಡಬ್ಬಿ, ಊರವರ ಮೋಟಾರು, ನಿನ್ನೆ ಮಳೆಯಲ್ಲಿ ಮನೆಮನೆಗೆ ಹೋಗಿ ಕೇಳಿದ್ದು, ಎಲ್ಲ ಹೇಳಿದ. ಅವಳು ತಲೆ ತಗ್ಗಿಸಿ ಕೇಳಿದಳು.

"ಯಾರೂ ಹಾಕಾಕಿಲ್ಲ ಅನ್ಸುತ್ತೆ," ಅಂದ ಕೊನೆಗೆ. "ಅವರ್ದೇನೂ ತಪ್ಪಿಲ್ಲ. ಪಾತ್ರೆ ಮಾತ್ರ ಬೇಯ್ಸುತ್ತೆ ನಯನ. ಅದೊಂದು ನಿಜ. ತೋರ್ಸಕ್ಕಾಯ್ತಾ ಇಲ್ಲ."

ನಯನ ಗೋಡೆಯ ಗಡಿಯಾರ ನೋಡಿದಳು. ಚೀಲವನ್ನು ಕೆಳಗಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಏಳಲಿಲ್ಲ.

ಆಗ ದೂರದಲ್ಲಿ ಎಲ್ಲೋ 'ಗುಂಯ್' ಎಂದಿತು.

ಮುಳ್ಳು ಇನ್ನೂರ ಹದಿನೈದು. ಶಿವು ಸ್ಟೆಬಿಲೈಜರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. "ಪುಟ್ಟಮಾದಕ್ಕಂದು," ಅಂದ ಪಿಸುಮಾತಿನಲ್ಲಿ, ಜೋರಾಗಿ ಹೇಳಿದರೆ ಮುಳ್ಳು ಹೆದರುತ್ತದೋ ಎಂಬಂತೆ. ಇನ್ನೊಂದು ಸದ್ದು ಸೇರಿತು. ಇನ್ನೂರು. "ಇದು ಪುನೀತಂದು, ಅವನ್ ಮೋಟ್ರು ಸ್ವಲ್ಪ ಅಳ್ತದೆ." ಮತ್ತೊಂದು, ಮತ್ತೆರಡು ಒಟ್ಟಿಗೆ. ಯಾರ ಮುಖವೂ ಕಾಣುತ್ತಿರಲಿಲ್ಲ, ಮಳೆಯ ಮಬ್ಬಿನಲ್ಲಿ ಬರೀ ಗದ್ದೆ. ಆದರೆ ಮುಳ್ಳು ಒಂದೊಂದು ಮನೆಯ ಹೆಸರು ಹೇಳಿಕೊಂಡು ಇಳಿಯುತ್ತಿತ್ತು. ನಯನ ಚೀಲ ಕೆಳಗಿಟ್ಟು ಅವನ ಪಕ್ಕ ಬಂದು ನಿಂತಳು. ನೂರ ಅರವತ್ತು. ಅಲ್ಲಿ ಬಂದು ನಿಂತುಬಿಟ್ಟಿತು.

"ಇಷ್ಟು ಸಾಕಾ?"

"ಸಾಲ್ದು. ಇಷ್ಟಕ್ಕೆ ಹಾಕಿದ್ರೆ ಸುಟ್ಟೋಯ್ತದೆ. ಸಣ್ಣಯ್ಯ ಮಾವಂದು ದೊಡ್ಡ ಮೋಟ್ರು, ಅದು ಬರ್ಬೇಕು. ಅವರಿಗೆ ಆಗಾಕಿಲ್ಲ. ಒಟ್ಲು ಬುಟ್ಟವ್ರೆ."

ಇಬ್ಬರೂ ಮುಳ್ಳನ್ನೇ ನೋಡುತ್ತಿದ್ದರು. ಬಲ್ಬು ಹಳದಿಯಾಗಿತ್ತು. ಬಹಳ ಹೊತ್ತಿನ ಮೇಲೆ, ಎಮ್ಮೆಯೊಂದು ಕೆಸರಿನಿಂದ ಎದ್ದ ಹಾಗೆ, ಭಾರವಾದ ಒಂದು ಸದ್ದು ನೆಲದೊಳಗಿನಿಂದ ಬಂತು. ಬಲ್ಬು ಕೆಂಪಗಾಗಿ ಬೀಡಿಯ ತುದಿಯಷ್ಟಾಯಿತು. ಮುಳ್ಳು ತೂಗಾಡಿ ತೂಗಾಡಿ ನೂರ ಹದಿನೆಂಟರಲ್ಲಿ ಕೂತಿತು.

ಶಿವು ಪಾತ್ರೆಯ ಪಿನ್ನು ಚುಚ್ಚಿದ. "ನೀನೇ ಒತ್ತು," ಅಂದ.

ನಯನ ಹಿಡಿ ಒತ್ತಿದಳು.

ಆ ಕೋಣೆಯಲ್ಲಿ ಮಬ್ಬು ಬೆಳಕಿನಲ್ಲಿ ಇಬ್ಬರೂ ನೆಲದ ಮೇಲೆ ಕೂತರು. ಪಾತ್ರೆ ಮೊದಲು ಸುಮ್ಮನಿತ್ತು, ಆಮೇಲೆ ಗೊಣಗಿತು, ಆಮೇಲೆ ಮುಚ್ಚಳ ಸಣ್ಣಗೆ ನಡುಗಿ ಶುಂಠಿಯ ಆವಿ ಬಂತು. ಮಾಡಲು ಏನೂ ಕೆಲಸವಿರಲಿಲ್ಲ. ಆ ಪಾತ್ರೆಯ ದೊಡ್ಡಸ್ತಿಕೆಯೇ ಅದು, ಮನುಷ್ಯನಿಗೆ ಏನೂ ಕೆಲಸ ಬಿಡುವುದಿಲ್ಲ.

"ಮಗು ಯಾರ ಥರ ಇತ್ತು?" ಎಂದು ಕೇಳಿದ ಶಿವು.

ಎಂಟು ವರ್ಷಕ್ಕೂ ಮೇಲಾಗಿತ್ತು. ಅಷ್ಟೂ ಕಾಲದಲ್ಲಿ ಅವನು ಅದನ್ನು ಕೇಳಿರಲಿಲ್ಲ. ನಯನ ಆವಿಯನ್ನೇ ನೋಡುತ್ತಿದ್ದಳು.

"ಕಿವಿ ನಿಂದು. ಮಡಿಸ್ಕಂಡು ಇತ್ತು, ಈ ಕಡೇದು." ತನ್ನ ಬಲಗಿವಿಯ ತುದಿಯನ್ನು ಬೆರಳಿನಿಂದ ಮಡಿಸಿ ತೋರಿಸಿದಳು. "ನರ್ಸು ಬಿಡಿಸ್ತಿದ್ರು, ಮತ್ತೆ ಮಡಿಸ್ಕತಿತ್ತು."

"ಅತ್ತಿತಾ?"

"ಒಂದ್ಸಲ. ಜೋರಾಗಿ."

ಈ ಸಲ ಶಿವು ಸಾರಿನ ಮಾತೆತ್ತಲಿಲ್ಲ. ಅದು ಎದುರಿಗೇ ಕುದಿಯುತ್ತಿತ್ತು. ಹೊರಗೆ ಊರಿನ ಮೋಟಾರುಗಳೆಲ್ಲ ಒಂದೇ ಶ್ರುತಿ ಹಿಡಿದು ಓಡುತ್ತಿದ್ದವು.

'ಟಕ್' ಎಂದು ಹಿಡಿ ಮೇಲೆದ್ದಾಗ ನಯನ ಬೆಚ್ಚಿದಳು. "ಅದೇ ನಿಂತ್ಕತು," ಅಂದಳು.

"ಹೇಳಿದ್ನಲ್ಲ."

"ಹೇಳಿದ್ದೆ."

ಪಿನ್ನು ಕಿತ್ತು, ತಟ್ಟೆಗೆ ಅನ್ನ ಹಾಕಿ ಸಾರು ಬಡಿಸಿದ. ಅವಳು ಉಂಡಳು. ಎರಡನೇ ಸಲ ಕೇಳದೆ ಬಡಿಸಿದ, ಬೇಡ ಅನ್ನಲಿಲ್ಲ. ಅವಳು ಉಣ್ಣುವುದನ್ನು ನೋಡುತ್ತ ತಾನು ಉಣ್ಣುವುದನ್ನು ಮರೆತ. ಕೊನೆಯ ತುತ್ತಾದ ಮೇಲೆ ಬೆರಳು ನೆಕ್ಕಿ, "ಉಪ್ಪು ಕಮ್ಮಿ," ಅಂದಳು.

ತಟ್ಟೆಯನ್ನು ತಾನೇ ತೊಳೆದು ಮಗುಚಿಟ್ಟಳು. ಅದು ನೆಂಟರು ಮಾಡುವ ಕೆಲಸವಲ್ಲ. ಆಮೇಲೆ ಕೊಡೆ ಎಲ್ಲಿಟ್ಟೆನೆಂದು ಹುಡುಕಿದಳು. ಅದು ಮನೆಯವರು ಮಾಡುವ ಕೆಲಸವಲ್ಲ.

"ಇರಾಕಿಲ್ವಾ?" ಎಂದು ಕೇಳಿದ ಶಿವು.

"ನಾಳೆ ಮದ್ವೆಮನೆಯವರ ಬ್ಲೌಸು ಕೊಡ್ಬೇಕು. ಕೈ ಹಾಕೇ ಇಲ್ಲ ಇನ್ನೂ." ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟಿದಳು. "ಒಂದು ನಿಜ ಆಯ್ತಲ್ಲ. ಇವತ್ತಿಗೆ ಸಾಕು."

ರಸ್ತೆಯವರೆಗೂ ಜೊತೆಗೆ ಹೋದ. ಕಾಲುದಾರಿಯ ಮೇಲೆ ಪಂಪಿನ ನೀರು ಹರಿಯುತ್ತಿತ್ತು. ಜಾರುವ ಕಡೆ ಅವಳು ಅವನ ತೋಳು ಹಿಡಿದಳು, ಜಾರಿಕೆ ಮುಗಿದ ಮೇಲೆ ಬಿಟ್ಟಳು. ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು ಅವಳಿಗೆ. ಗಾಜಿನ ಮೇಲೆ ಮಳೆಯ ಹನಿ ಇದ್ದದ್ದರಿಂದ ಇತ್ತ ನೋಡಿದಳೋ ಇಲ್ಲವೋ ಶಿವುವಿಗೆ ತಿಳಿಯಲಿಲ್ಲ.

ತ್ರೀ ಫೇಸ್ ಅಂದು ಹೊತ್ತು ಮೀರಿದರೂ ಹೋಗಿರಲಿಲ್ಲ. ಮೋಟಾರುಗಳಿನ್ನೂ ಓಡುತ್ತಿದ್ದವು. ಸಾಕು ಎಂದು ಅವರಿಗೆ ಹೇಳಿದವರಿರಲಿಲ್ಲ. ಶಿವು ಮೊದಲು ಸಣ್ಣಯ್ಯನ ಗದ್ದೆಗೆ ಓಡಿದ. ಸಣ್ಣಯ್ಯ ಗೋಣಿ ಹೊದ್ದು, ಮೊಣಕಾಲುದ್ದ ಕೆಸರಿನಲ್ಲಿ ಗುದ್ದಲಿ ಹಿಡಿದು ನಿಂತಿದ್ದ. ಒಟ್ಲಿನ ಸುತ್ತ ಮಣ್ಣು ಏರಿಸಿ, ಪಂಪಿನ ನೀರನ್ನೆಲ್ಲ ಹಳ್ಳಕ್ಕೆ ತಿರುಗಿಸಿದ್ದ. ಎಷ್ಟು ಹೊತ್ತಿನಿಂದ ಹಾಗೆ ಮಣ್ಣು ಎಳೆಯುತ್ತಿದ್ದನೋ, ಮೈಯೆಲ್ಲ ಕೆಸರಾಗಿತ್ತು.

"ಆಯ್ತೇನ್ಲಾ? ಆಫ್ ಮಾಡ್ಲಾ?"

"ಆಯ್ತು ಮಾವ."

"ಉಂಡ್ಲಾ?"

"ಉಂಡ್ಲು."

ಸಣ್ಣಯ್ಯ ಗುದ್ದಲಿಗೆ ಒರಗಿ ಕಾದ. ಇನ್ನೇನು ಮುಂದಿನದು ಬರುತ್ತದೆ: ಏಳು ತಟ್ಟೆ ಉಂಡಳು, ಕಣ್ಣೀರು ಹಾಕಿದಳು, ಬಸ್ಸಿನವರೂ ಇಳಿದು ಬಂದು ಸಾರು ಬಡಿಸಿಕೊಂಡರು. ಏನೂ ಬರಲಿಲ್ಲ.

"ಏನಂದ್ಲು?"

"ಉಪ್ಪು ಕಮ್ಮಿ ಅಂದ್ಲು."

ಸಣ್ಣಯ್ಯ ಪಂಪುಮನೆಗೆ ಹೋಗಿ ಕೆಂಪು ಗುಂಡಿ ಒತ್ತಿದ. ಪುಟ್ಟಮಾದಮ್ಮನೂ ಅದನ್ನೇ ಕೇಳಿದಳು. ಪುನೀತನೂ ಅದನ್ನೇ ಕೇಳಿದ. ಶಿವು ಎಲ್ಲರಿಗೂ ಅಷ್ಟನ್ನೇ ಹೇಳಿದ. ಒಂದೊಂದೇ ಸದ್ದು ನಿಂತಿತು.

ಮನೆಗೆ ಬಂದಾಗ ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಮುಳ್ಳು ಮೇಲೆ ಹೋಗಿ ಇನ್ನೂರ ಮೂವತ್ತರಲ್ಲಿ ನಿಂತಿತ್ತು. ಪಾತ್ರೆಯಲ್ಲಿ ಅರ್ಧದಷ್ಟು ಸಾರು ಉಳಿದಿತ್ತು, ತಣ್ಣಗಾಗಿ ಮೇಲೆ ಎಣ್ಣೆ ಕಟ್ಟಿತ್ತು. ಬಿಸಿ ಮಾಡೋಣವೆಂದರೆ ಮನೆಯಲ್ಲಿ ಕರೆಂಟು ಜಾಸ್ತಿ ಇತ್ತು. ಗ್ಯಾಸು ಹಚ್ಚಲಿಲ್ಲ. ಪಾತ್ರೆಯನ್ನು ಮುಂದೆಳೆದುಕೊಂಡು, ಅದರಲ್ಲೇ ಅನ್ನ ಕಲಸಿ ಉಂಡ.

ಉಪ್ಪು ಕಡಿಮೆಯೇ ಇತ್ತು.